ಸ್ಕೀ ಕಲಿಯಲು 120 ಮೀಟರ್ ಎತ್ತರದ ಬೆಟ್ಟ ಸಾಕೇ?

ಪ್ರಶ್ನೆ: ನಾವು ನಾಲ್ವರು: ಗಂಡ, ಹೆಂಡತಿ, 8 ಮತ್ತು 12 ವರ್ಷದ ಮಕ್ಕಳು. ಯಾರೂ ಇದುವರೆಗೆ ಕಾಲಿಗೆ ಸ್ಕೀ ಕಟ್ಟಿದವರಲ್ಲ. ಕಲಿಯಲು ನಾಲ್ಕೈದು ದಿನ ಬಿಡುವು ಮಾಡಿಕೊಂಡಿದ್ದೇವೆ. ದೊಡ್ಡ ಹೆಸರಿನ ರೆಸಾರ್ಟ್‌ಗಳ ಖರ್ಚು ನಮ್ಮ ಕೈಮೀರಿದ್ದು. ಒಂದು ಚೇರ್‌ಲಿಫ್ಟ್, ಒಂದು ಟಿ-ಬಾರ್ (ನಿಂತವರನ್ನು ಹಿಂದಿನಿಂದ ತಳ್ಳಿ ಮೇಲೇರಿಸುವ ಸರಳು) ಇರುವ ಸಣ್ಣ ಬೆಟ್ಟವೊಂದನ್ನು ನೋಡಿಟ್ಟಿದ್ದೇವೆ. ಬುಡದಿಂದ ತುದಿಗೆ 120 ಮೀಟರ್ ಎತ್ತರ, ಜನ ಕಡಿಮೆ, ಟಿಕೆಟ್ ಅಗ್ಗ. ಅಲ್ಲಿ ಕಲಿತರೆ ಏನಾದರೂ ಕಳೆದುಕೊಳ್ಳುತ್ತೇವೆಯೇ? ಕಾಯ್ದಿರಿಸುವ ಮೊದಲು ಏನೇನು ವಿಚಾರಿಸಬೇಕು? ದೊಡ್ಡ ಬೆಟ್ಟಕ್ಕೆ ಯಾವಾಗ ಹೋಗಬಹುದು?

ಉತ್ತರ: ಕಲಿಯುವವರಿಗೆ ಸಣ್ಣ ಬೆಟ್ಟವೇ ವಾಸಿ. ಅಗ್ಗ ಅನ್ನುವುದು ಎರಡನೆಯ ಕಾರಣ. ಮೊದಲನೆಯದು, ಒಂದೇ ಇಳಿಜಾರನ್ನು ಒಂದೇ ದಿನದಲ್ಲಿ ಎಷ್ಟು ಸಲ ಇಳಿಯಲು ಸಿಗುತ್ತದೆ ಎಂಬುದು. ಕಾಲಿಗೆ ಬುದ್ಧಿ ಬರುವುದು ಎತ್ತರದಿಂದಲ್ಲ, ಮತ್ತೆ ಮತ್ತೆ ಇಳಿಯುವುದರಿಂದ.

ಲೆಕ್ಕ ಹಾಕಿ ನೋಡಿ. 120 ಮೀಟರ್ ಎತ್ತರ, ಸರಾಸರಿ ಶೇ 18ರ ಇಳಿಜಾರು (ಅಡ್ಡಕ್ಕೆ 100 ಮೀಟರ್ ಸಾಗುವಾಗ 18 ಮೀಟರ್ ಇಳಿತ) ಎಂದರೆ ಹಾದಿಯ ಉದ್ದ ಸುಮಾರು 680 ಮೀಟರ್. ಹಳೆಯ ಮಾದರಿಯ, ಕೇಬಲ್‌ಗೆ ಕುರ್ಚಿಗಳನ್ನು ಬಿಗಿದು ಕಟ್ಟಿದ ಚೇರ್‌ಲಿಫ್ಟ್ ಸೆಕೆಂಡಿಗೆ ಎರಡರಿಂದ ಎರಡೂವರೆ ಮೀಟರ್ ಸಾಗುತ್ತದೆ. ಮೇಲೇರಲು ಐದು ನಿಮಿಷ, ಇಳಿಯಲು ಇನ್ನೈದು ನಿಮಿಷ. ಸಾಲು ಇಲ್ಲದಿದ್ದರೆ ಮೂರು ಗಂಟೆಯಲ್ಲಿ ಆರಾಮಾಗಿ 15 ಸುತ್ತು. ದೊಡ್ಡ ಬೆಟ್ಟದ ಲಿಫ್ಟ್ ಇದರ ಎರಡರಷ್ಟು ವೇಗದ್ದು, ನಿಜ. ಆದರೆ 500 ಮೀಟರ್ ಎತ್ತರದ ಹಾದಿಗೆ ಇಪ್ಪತ್ತು ನಿಮಿಷ ಸಾಲಿನಲ್ಲಿ ನಿಂತು, ಎಂಟೊಂಬತ್ತು ನಿಮಿಷ ಮೇಲೇರಿ, ನಡುನಡುವೆ ನಿಂತು ಉಸಿರು ಬಿಡುತ್ತಾ ಇಳಿದರೆ ಒಂದು ಸುತ್ತಿಗೆ ಒಂದು ಗಂಟೆ ಹೋಗುತ್ತದೆ. ಅದೇ ಮೂರು ಗಂಟೆಯಲ್ಲಿ ಮೂರೇ ಸುತ್ತು. ಅದೂ ಪ್ರತಿ ಸುತ್ತಿನ ಕೊನೆಯರ್ಧ ತೊಡೆ ನಡುಗುತ್ತಾ, ತಪ್ಪು ಭಂಗಿಯಲ್ಲಿ ಇಳಿದದ್ದಾಗಿರುತ್ತದೆ. ತಪ್ಪು ಭಂಗಿಯೂ ಅಭ್ಯಾಸವಾಗುತ್ತದೆ ಎಂಬುದೇ ತೊಂದರೆ.

ಸಣ್ಣ ಬೆಟ್ಟದಲ್ಲಿ ಕಲಿತವರು ಸಣ್ಣದರಲ್ಲೇ ಉಳಿಯುತ್ತಾರೆ ಎಂಬ ಭಯವೂ ಬೇಡ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನ ಡೌನ್‌ಹಿಲ್‌ನಲ್ಲಿ ಚಿನ್ನ ಗೆದ್ದ ಲಿಂಡ್ಸೆ ವಾನ್ ಬಾಲ್ಯದಲ್ಲಿ ಪಳಗಿದ್ದು ಅಮೆರಿಕದ ಮಿನ್ನೆಸೊಟಾದ ಬಕ್ ಹಿಲ್‌ನಲ್ಲಿ. ಅದರ ಎತ್ತರ ನೂರು ಮೀಟರ್ ಕೂಡ ಇಲ್ಲ.

ಆದರೆ ಎಲ್ಲ ಸಣ್ಣ ಬೆಟ್ಟಗಳೂ ಕಲಿಕೆಗೆ ಒಳ್ಳೆಯವಲ್ಲ. ಕೆಲವು ಸಣ್ಣವು, ಅಗ್ಗದವು, ಜೊತೆಗೆ ಕೆಟ್ಟವು. ಮೊದಲು ವಿಚಾರಿಸಬೇಕಾದ್ದು ಹಿಮದ ವಿಷಯ. ಸಣ್ಣ ಬೆಟ್ಟಗಳು ಸಾಮಾನ್ಯವಾಗಿ ತಗ್ಗಿನಲ್ಲಿರುತ್ತವೆ, ಆಕಾಶದಿಂದ ಬಿದ್ದ ಹಿಮವನ್ನಷ್ಟೇ ನಂಬಿದರೆ ಒಂದು ಬೆಚ್ಚನೆಯ ವಾರಕ್ಕೆ ಎಲ್ಲ ಮುಗಿಯುತ್ತದೆ. ಆದ್ದರಿಂದ ಹಿಮ ತಯಾರಿಸುವ ಯಂತ್ರಗಳಿವೆಯೇ, ಇದ್ದರೆ ಕಲಿಕೆಯ ಇಳಿಜಾರಿಗೂ ಅವುಗಳ ಪೈಪು ತಲುಪುತ್ತದೆಯೇ ಎಂದು ಕೇಳಿ. ಎಷ್ಟೋ ಕಡೆ ಮುಖ್ಯ ಹಾದಿಗೆ ಮಾತ್ರ ಯಂತ್ರದ ಹಿಮ, ಕಲಿಯುವವರ ಮೂಲೆಯಲ್ಲಿ ಹುಲ್ಲು ಇಣುಕುತ್ತಿರುತ್ತದೆ.

ಹವಾಮಾನ ಮುನ್ಸೂಚನೆ ನೋಡುವಾಗ ಬರೀ ತಾಪಮಾನ ನೋಡಿದರೆ ಸಾಲದು. ಹಿಮಯಂತ್ರಕ್ಕೆ ಲೆಕ್ಕ ತೇವ ಬಲ್ಬಿನ ತಾಪಮಾನ, ಅಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಅಂಕಿ. ಅದು ಸುಮಾರು ಮೈನಸ್ 2.5 ಡಿಗ್ರಿಗೆ ಇಳಿದರೆ ಯಂತ್ರ ಓಡಿಸಬಹುದು. ಗಾಳಿ 0 ಡಿಗ್ರಿ ಇದ್ದು ತೇವಾಂಶ ಶೇ 40 ಇದ್ದರೆ ಹಿಮ ಆಗುತ್ತದೆ. ಗಾಳಿ ಮೈನಸ್ 1ಕ್ಕೆ ಇಳಿದರೂ ತೇವಾಂಶ ಶೇ 90 ಇದ್ದರೆ ಆಗುವುದಿಲ್ಲ. ನೀವು ಹೋಗುವ ಮುಂಚಿನ ವಾರದಲ್ಲಿ ಒಣ, ಚಳಿಯ ರಾತ್ರಿಗಳು ಮೂರ್ನಾಲ್ಕು ಸಿಕ್ಕಿದ್ದರೆ ನೆಮ್ಮದಿಯಿಂದ ಹೊರಡಿ. ಯಂತ್ರದ ಹಿಮ ಹೊಸದಾಗಿ ಬಿದ್ದ ಹಿಮಕ್ಕಿಂತ ನಾಲ್ಕೈದು ಪಟ್ಟು ಸಾಂದ್ರ. ಬೇಗ ಕರಗುವುದಿಲ್ಲ, ಆದರೆ ಗಟ್ಟಿಯಾಗಿರುತ್ತದೆ. ಬಿದ್ದರೆ ಮೆತ್ತಗಿರುತ್ತದೆ ಎಂದುಕೊಂಡು ಹೋಗಬೇಡಿ. ಹುಲ್ಲಿನ ನೆಲವಾದರೆ ಒತ್ತಿ ಸಮ ಮಾಡಿದ 30 ಸೆಂಟಿಮೀಟರ್ ಹಿಮ ಸಾಕು, ಕಲ್ಲುನೆಲವಾದರೆ ಅದರ ಎರಡರಷ್ಟಾದರೂ ಬೇಕು. ‘ತಳದ ಆಳ ಇಷ್ಟು’ ಎಂಬ ಪ್ರಕಟಣೆಗಿಂತ ಅವತ್ತಿನ ವೆಬ್‌ಕ್ಯಾಮ್ ಚಿತ್ರವನ್ನು ನಂಬುವುದು ಒಳ್ಳೆಯದು. ಹಿಮದಲ್ಲಿ ಕಂದು ಕಲೆಗಳು ಕಂಡರೆ ದಿನಾಂಕ ಬದಲಿಸಿ.

ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನೂ ನಕ್ಷೆಯಲ್ಲಿ ನೋಡಿಕೊಳ್ಳಿ. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ್ದು ಹಿಮ ಉಳಿಸಿಕೊಳ್ಳುತ್ತದೆ. ದಕ್ಷಿಣಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ್ದು ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುತ್ತದೆ. ಅಂಥಲ್ಲಿ ಬೆಳಿಗ್ಗೆ ಎಂಟಕ್ಕೇ ಹೋದರೆ ಸಿಗುವುದು ಮಂಜುಗಡ್ಡೆ, ಹತ್ತರಿಂದ ಹನ್ನೆರಡರವರೆಗೆ ಹದವಾದ ಹಿಮ, ಮಧ್ಯಾಹ್ನದ ಮೇಲೆ ಕಾಲು ಹಿಡಿದು ಎಳೆಯುವ ಕೆಸರಿನಂಥ ಒದ್ದೆ ಹಿಮ. ಋತುವಿನ ಕೊನೆಯ ತಿಂಗಳಲ್ಲಂತೂ ಈ ಹೊತ್ತುಗಳೇ ಎಲ್ಲವನ್ನೂ ನಿರ್ಧರಿಸುತ್ತವೆ.

ಇನ್ನು ಹಾದಿಗಳ ಬಣ್ಣ. ಉತ್ತರ ಅಮೆರಿಕದಲ್ಲಿ ಹಸಿರು ಸುಲಭ, ನೀಲಿ ಮಧ್ಯಮ, ಕಪ್ಪು ಕಷ್ಟ. ಯುರೋಪಿನಲ್ಲಿ ನೀಲಿಯೇ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಹಸಿರು ಕೆಲವು ದೇಶಗಳಲ್ಲಿ ಮಾತ್ರ ಉಂಟು. ಜೊತೆಗೆ ಉತ್ತರ ಅಮೆರಿಕದಲ್ಲಿ ಈ ಗುರುತು ಆಯಾ ಬೆಟ್ಟಕ್ಕೆ ಸಂಬಂಧಿಸಿದ್ದು: ಒಂದು ಕಡೆಯ ಹಸಿರು ಇನ್ನೊಂದು ಕಡೆಯ ನೀಲಿಗಿಂತ ಕಡಿದಾಗಿರಬಹುದು. ಹಾಗಾಗಿ ಬಣ್ಣ ಬಿಟ್ಟು ಶೇಕಡಾವಾರು ಇಳಿಜಾರನ್ನೇ ನೋಡಿ. ಮೊದಲ ದಿನಕ್ಕೆ ಶೇ 5ರಿಂದ 10, ಮೂರನೆಯ ದಿನಕ್ಕೆ ಶೇ 15ರಿಂದ 20. ಸಾಮಾನ್ಯವಾಗಿ ಶೇ 25ರವರೆಗೆ, ಅಂದರೆ ಸುಮಾರು 14 ಡಿಗ್ರಿಯವರೆಗೆ, ಸುಲಭ ಎಂದೇ ಲೆಕ್ಕ. ಶೇ 40 ದಾಟಿದರೆ ಅದು ನಿಮ್ಮದಲ್ಲ. ಸಣ್ಣ ಬೆಟ್ಟದ ಹಾದಿಗಳಲ್ಲಿ ಒಂದು ದೋಷ ಮಾಮೂಲು: ಮೊದಲರ್ಧ ಚಪ್ಪಟೆ, ನಡುವೆ ಒಂದು ಕಡಿದಾದ ಮುರುಕು, ಮತ್ತೆ ಚಪ್ಪಟೆ. ಸರಾಸರಿ ಶೇ 15 ಎಂದು ಬರೆದಿರುತ್ತಾರೆ, ಆ ಮುರುಕು ಮಾತ್ರ ಶೇ 35 ಇರುತ್ತದೆ. ಹೊಸಬರು ಅಳುವುದು ಅಲ್ಲೇ. ಕಲಿಕೆಯ ಇಳಿಜಾರಿನ ಬುಡದಲ್ಲಿ ತಾನಾಗಿ ವೇಗ ತಗ್ಗುವ ಸಮತಟ್ಟು ಜಾಗ ಇರಲೇಬೇಕು. ಅದು ಬೇಲಿಗೋ ಪಾರ್ಕಿಂಗ್‌ಗೋ ಮುಗಿಯುವಂತಿದ್ದರೆ ಬೇರೆ ಬೆಟ್ಟ ಹುಡುಕಿ.

ಜನ ಕಡಿಮೆ ಎಂದಿದ್ದೀರಿ. ಯಾವ ಹೊತ್ತಿನಲ್ಲಿ ಕಡಿಮೆ ಎಂದು ಕೇಳಿ. ಶಾಲಾ ಮಕ್ಕಳ ತಂಡಗಳು ಸಣ್ಣ ಬೆಟ್ಟಗಳ ದೊಡ್ಡ ಗಿರಾಕಿಗಳು. ವಾರದ ನಡುವೆ ಖಾಲಿ ಇದ್ದ ಜಾಗಕ್ಕೆ ಎರಡು ಬಸ್ ಬಂದರೆ ಒಂದೇ ಲಿಫ್ಟ್‌ನ ಮುಂದೆ ಅರ್ಧ ಗಂಟೆಯ ಸಾಲು. ತಂಡಗಳು ಬರುವ ದಿನ ಯಾವುದು ಎಂದು ಫೋನಿನಲ್ಲಿ ಕೇಳಿದರೆ ಹೇಳುತ್ತಾರೆ. ಒಂದೇ ಲಿಫ್ಟ್ ಇರುವಲ್ಲಿ ಗಾಳಿ ಜೋರಾಗಿ ಅದು ನಿಂತರೆ ದಿನವೇ ನಿಂತಂತೆ. ಹಣ ವಾಪಸಾತಿಯ ನಿಯಮವನ್ನು ಅದೇ ಫೋನಿನಲ್ಲಿ ಕೇಳಿಬಿಡಿ.

ಹಣ ಉಳಿಯುವುದು ಟಿಕೆಟ್ಟಿಗಿಂತ ಹೆಚ್ಚಾಗಿ ಪ್ಯಾಕೇಜಿನಲ್ಲಿ. ಪಾಠ, ಸಲಕರಣೆ ಬಾಡಿಗೆ, ಕಲಿಕೆಯ ಲಿಫ್ಟ್ ಮೂರೂ ಸೇರಿದ ಹೊಸಬರ ಪ್ಯಾಕೇಜ್ ಬಹುತೇಕ ಎಲ್ಲ ಕಡೆ ಇರುತ್ತದೆ, ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ. ಮೊದಲ ದಿನಕ್ಕೆ ಇಡೀ ಬೆಟ್ಟದ ಟಿಕೆಟ್ ಕೊಳ್ಳುವುದು ದಂಡ, ಮ್ಯಾಜಿಕ್ ಕಾರ್ಪೆಟ್ ಎಂಬ ಚಲಿಸುವ ಪಟ್ಟಿ ಬಿಟ್ಟು ನೀವು ಎಲ್ಲೂ ಹೋಗುವುದಿಲ್ಲ. ಅರ್ಧ ದಿನದ ಟಿಕೆಟ್ ಇದ್ದರೆ ಅದೇ ಸರಿ. ಹೊಸಬರ ಕಾಲು ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡುವುದಿಲ್ಲ. ಪಾಠಕ್ಕೆ ಮಾತ್ರ ಜಿಪುಣತನ ಬೇಡ. ಮೊದಲ ದಿನ ಎರಡು ಗಂಟೆ, ಮೂರನೆಯ ದಿನ ಒಂದು ಗಂಟೆ. ಎರಡನೆಯ ಪಾಠದ ಪ್ರಯೋಜನ ಹೆಚ್ಚಿನದು, ಏಕೆಂದರೆ ಅಷ್ಟರಲ್ಲಿ ತಿದ್ದಬೇಕಾದ ತಪ್ಪುಗಳು ತಯಾರಾಗಿರುತ್ತವೆ. ಗಂಡ ಹೆಂಡತಿಗೆ, ಅಪ್ಪ ಮಕ್ಕಳಿಗೆ ಕಲಿಸುವ ಉಸಾಬರಿ ಬೇಡ.

ಈಗ ಬಾಡಿಗೆ ಅಂಗಡಿ. ಇಲ್ಲಿ ಇಪ್ಪತ್ತು ನಿಮಿಷ ಹೆಚ್ಚು ಕಳೆಯಿರಿ. ಹೊಸಬರ ದಿನ ಕೆಡುವುದು ಬಹುಪಾಲು ಬೂಟಿನಿಂದ. ಸ್ಕೀ ಬೂಟಿನ ಅಳತೆ ಸೆಂಟಿಮೀಟರ್‌ನಲ್ಲಿರುವ ಪಾದದ ಉದ್ದ. ಮನೆಯಲ್ಲೇ ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಉದ್ದನೆಯ ಬೆರಳಿನವರೆಗೆ ಅಳೆದುಕೊಂಡು ಹೋಗಿ. 26.5 ಬಂದರೆ 26.5 ಕೇಳಿ, ‘ಸ್ವಲ್ಪ ದೊಡ್ಡದೇ ಇರಲಿ’ ಅನ್ನಬೇಡಿ. ಒಳಪದರವನ್ನು ಹೊರತೆಗೆಯಲು ಅಂಗಡಿಯವರು ಒಪ್ಪಿದರೆ, ಬರೀ ಪ್ಲಾಸ್ಟಿಕ್ ಕವಚದಲ್ಲಿ ಕಾಲಿಟ್ಟು ಬೆರಳು ಮುಂದಕ್ಕೆ ತಾಗಿಸಿ ನೋಡಿ: ಹಿಮ್ಮಡಿಯ ಹಿಂದೆ 15ರಿಂದ 20 ಮಿಲಿಮೀಟರ್ ಜಾಗ ಇರಬೇಕು. 30 ದಾಟಿದರೆ ಪಾದ ಒಳಗೆ ಜಾರುತ್ತದೆ. ಆಗ ಬಕಲ್ ಬಿಗಿ ಮಾಡುತ್ತಾ ಹೋಗಿ ಪಾದ ಜೋಮು ಹಿಡಿಯುತ್ತದೆ. ಬೂಟು ಸಣ್ಣದಾಯಿತೆಂದು ದೂರುವವರಲ್ಲಿ ಅನೇಕರಿಗೆ ನಿಜವಾಗಿ ಅದು ದೊಡ್ಡದಾಗಿರುತ್ತದೆ.

ಬೂಟಿನೊಳಗೆ ಒಂದೇ ತೆಳು ಕಾಲುಚೀಲ, ಉಣ್ಣೆಯದೋ ಸಿಂಥೆಟಿಕ್ಕೋ, ಮೊಣಕಾಲಿನ ಹತ್ತಿರದವರೆಗೆ. ಎರಡು ಹಾಕಿದರೆ ಬೆಚ್ಚಗಾಗುವುದಿಲ್ಲ, ರಕ್ತ ಸಂಚಾರ ನಿಂತು ತಣ್ಣಗಾಗುತ್ತದೆ. ಒಳಪ್ಯಾಂಟಿನ ಅಂಚು ಬೂಟಿನೊಳಗೆ ಸೇರಬಾರದು, ಆ ಒಂದು ಮಡಿಕೆ ಮಧ್ಯಾಹ್ನದೊಳಗೆ ಮುಂಗಾಲಿನ (ಮೊಣಕಾಲಿನ ಕೆಳಗೆ ಮುಂಬದಿಯ) ಮೂಳೆಯ ಮೇಲೆ ಬರೆ ಎಳೆಯುತ್ತದೆ. ಹಾಕುವ ಕ್ರಮ: ನಾಲಿಗೆ ಸರಿಯಾಗಿ ಕೂರಿಸಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ತಳ್ಳಿ, ಮೊದಲು ಕಣಕಾಲಿನ ಬಕಲ್, ಆಮೇಲೆ ಮೇಲಿನದು, ಪಾದದ ಮೇಲಿನವು ಮುಚ್ಚಿಕೊಂಡರೆ ಸಾಕು, ಕೊನೆಗೆ ಪಟ್ಟಿ. ನೇರ ನಿಂತಾಗ ಬೆರಳು ಮುಂದಕ್ಕೆ ಲಘುವಾಗಿ ತಾಗಬೇಕು. ಮೊಣಕಾಲು ಮಡಿಸಿ ಮುಂದೆ ಬಾಗಿದರೆ ತಾಗುವುದು ಬಿಡಬೇಕು.

ಸ್ಕೀ ಗಲ್ಲದಿಂದ ಮೂಗಿನ ನಡುವಿನ ಎತ್ತರದ್ದಿದ್ದರೆ ಸಾಕು, ನಡು ಅಗಲ 70ರಿಂದ 80 ಮಿಲಿಮೀಟರ್. ಅಂಚು ನೋಡಿ. ಸಣ್ಣ ಬೆಟ್ಟದ ಗಟ್ಟಿ ಹಿಮಕ್ಕೆ ಮೊಂಡು ಅಂಚು ಆಗಿಬರುವುದಿಲ್ಲ. ಬೆರಳಿನ ಉಗುರನ್ನು ಲೋಹದ ಅಂಚಿಗೆ ಅಡ್ಡಲಾಗಿ ಮೃದುವಾಗಿ ಎಳೆಯಿರಿ: ಉಗುರಿನ ಪುಡಿ ಬಂದರೆ ಹರಿತ, ಜಾರಿಹೋದರೆ ಬೇರೆ ಜೋಡಿ ಕೇಳಿ. ಉಗುರನ್ನೇ ಎಳೆಯಿರಿ, ಬೆರಳನ್ನಲ್ಲ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ವಿಷಯದಲ್ಲಿ ಸುಳ್ಳು ಹೇಳಬಾರದು. ಬಿದ್ದಾಗ ಬೂಟನ್ನು ಬಿಡುವ ಬಲವನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಸ್ಕೀ ಮಾಡುವ ರೀತಿ ಈ ಐದರಿಂದ ಲೆಕ್ಕ ಹಾಕುತ್ತಾರೆ. ಹೊಸಬರು ಮೊದಲನೆಯ, ಅಂದರೆ ನಿಧಾನವಾಗಿ ಇಳಿಯುವವರ, ದರ್ಜೆ. ಸಂಕೋಚಕ್ಕೆ ಎರಡನೆಯ ದರ್ಜೆ ಎಂದು ಬರೆಸಿದರೆ ಬೈಂಡಿಂಗ್ ಬಿಗಿಯಾಗುತ್ತದೆ, ಮೊಣಕಾಲು ತಿರುಚುವಾಗ ಬಿಡುವುದಿಲ್ಲ. ಅಟ್ಟೆಯ ಉದ್ದ ಬೂಟಿನ ಹಿಮ್ಮಡಿಯ ಪಕ್ಕದಲ್ಲಿ ಮಿಲಿಮೀಟರ್‌ನಲ್ಲಿ ಅಚ್ಚಾಗಿರುತ್ತದೆ, ಉದಾಹರಣೆಗೆ 305. ಫಾರ್ಮಿನಲ್ಲಿ ಅದೇ ಅಂಕಿ ಇದೆಯೇ ನೋಡಿಕೊಳ್ಳಿ. ಇಲ್ಲಿ ಒಂದು ಎಡವಟ್ಟು ಪದೇ ಪದೇ ಆಗುತ್ತದೆ: ಬೂಟು ನೋಯುತ್ತದೆಂದು ಮಧ್ಯಾಹ್ನ ಬದಲಿಸಿಕೊಳ್ಳುತ್ತಾರೆ, ಸ್ಕೀ ಹಳೆಯದೇ ಇರುತ್ತದೆ. ಹೊಸ ಬೂಟಿನ ಅಟ್ಟೆ ಐದು ಮಿಲಿಮೀಟರ್ ಬೇರೆಯಾದರೂ ಬೈಂಡಿಂಗನ್ನು ಮತ್ತೆ ಹೊಂದಿಸಬೇಕು. ಬೂಟು ಬದಲಿಸಿದರೆ ಸ್ಕೀಯನ್ನೂ ಕೌಂಟರಿನ ಮೇಲಿಡಿ. ಹಾಗೆಯೇ, ಹಾಕಿಕೊಳ್ಳುವ ಮುನ್ನ ಅಟ್ಟೆಗೆ ಅಂಟಿದ ಹಿಮವನ್ನು ಕೆರೆದು ತೆಗೆಯದಿದ್ದರೆ ಬೈಂಡಿಂಗ್ ಪೂರ್ತಿ ಕಚ್ಚದೆ ನಡುದಾರಿಯಲ್ಲಿ ಕಳಚಿಕೊಳ್ಳುತ್ತದೆ. ಇಳಿಜಾರಿನಲ್ಲಿ ಹಾಕುವಾಗ ಕೆಳಬದಿಯ ಸ್ಕೀ ಮೊದಲು.

ಹೆಲ್ಮೆಟ್ ನಾಲ್ವರಿಗೂ ಬೇಕು. ಮೇಲೆ ಸ್ಕೀ ಹೆಲ್ಮೆಟ್‌ನ ಸುರಕ್ಷತಾ ಮಾನದಂಡಗಳಾದ ಇಎನ್ 1077 ಅಥವಾ ಎಎಸ್‌ಟಿಎಂ ಎಫ್2040ರ ಗುರುತು ಇರಲಿ, ಸೈಕಲ್ ಹೆಲ್ಮೆಟ್ ನಡೆಯದು. ಕಪ್ಪು ಗಾಗಲ್ ಕೊಳ್ಳಬೇಡಿ. ಮೋಡದ ದಿನ ಹಿಮದ ಏರುತಗ್ಗು ಕಾಣಲು ಹಳದಿ ಅಥವಾ ಗುಲಾಬಿ ಗಾಜು ಬೇಕು, ದೀಪದ ಬೆಳಕಿನ ರಾತ್ರಿ ಸ್ಕೀಯಿಂಗ್‌ಗೆ ಬಣ್ಣವಿಲ್ಲದ್ದು. ಹತ್ತಿ ಬಟ್ಟೆ ಬೆವರು ಹೀರಿ ತಣ್ಣಗಾಗುತ್ತದೆ, ಮೈಗೆ ತಾಗಿದ ಪದರ ಹತ್ತಿಯದಾಗದಿರಲಿ.

ಹಿಮದ ಮೇಲೆ ಮೊದಲ ದಿನ ಕೋಲುಗಳನ್ನು ಬಿಟ್ಟುಬಿಡಿ. ಕೈ ಅವುಗಳಿಗೆ ಆತುಕೊಳ್ಳುತ್ತದೆ, ಬಿದ್ದರೆ ಹೆಬ್ಬೆರಳು ತಿರುಚುತ್ತದೆ. ಒಂದು ಕಾಲಿಗೆ ಮಾತ್ರ ಸ್ಕೀ ಹಾಕಿ ಸಮತಟ್ಟಿನಲ್ಲಿ ಹತ್ತು ನಿಮಿಷ ತಳ್ಳಿಕೊಂಡು ಹೋಗಿ, ಕಾಲು ಬದಲಿಸಿ. ಆಮೇಲೆ ಎರಡೂ ಹಾಕಿ, ಅಡ್ಡ ಹೆಜ್ಜೆಯಿಡುತ್ತಾ ನಾಲ್ಕೈದು ಮೀಟರ್ ಮೇಲೆ ಹತ್ತಿ, ನೇರ ಜಾರಿ. ನಿಲ್ಲುವುದು ವೆಡ್ಜ್‌ನಿಂದ: ಮುಂತುದಿಗಳ ನಡುವೆ ಒಂದು ಗೇಣಿಗಿಂತ ಕಡಿಮೆ ಅಂತರ, ಹಿಮ್ಮಡಿಗಳನ್ನು ಹೊರಗೆ ತಳ್ಳುವುದು. ಇಲ್ಲಿ ಎಲ್ಲರೂ ಮಾಡುವ ತಪ್ಪು ಹಿಂದಕ್ಕೆ ವಾಲುವುದು. ಭಯವಾದಾಗ ದೇಹ ಬೆಟ್ಟದ ಕಡೆ ಸರಿಯುವುದು ಸಹಜ. ಆದರೆ ಹಾಗೆ ಮಾಡಿದ ತಕ್ಷಣ ಸ್ಕೀಯ ಮುಂಭಾಗ ಹಗುರವಾಗಿ ತಿರುಗುವುದನ್ನು ಬಿಡುತ್ತದೆ, ವೇಗ ಹೆಚ್ಚುತ್ತದೆ, ಭಯವೂ ಹೆಚ್ಚುತ್ತದೆ. ಮುಂಗಾಲಿನ ಮೂಳೆ ಬೂಟಿನ ನಾಲಿಗೆಗೆ ಒತ್ತುತ್ತಿದೆಯೇ ಎಂಬುದೊಂದನ್ನೇ ಗಮನಿಸಿ. ಒತ್ತಡ ತಪ್ಪಿತೆಂದರೆ ಹಿಂದೆ ವಾಲಿದ್ದೀರಿ. ತಿರುಗಲು ಭುಜ ತಿರುಗಿಸಬೇಡಿ: ಎಡಕ್ಕೆ ಹೋಗಬೇಕಾದರೆ ಬಲಗಾಲಿನ ಮೇಲೆ ಭಾರ ಹಾಕಿ ಕಾಯಿರಿ. ಕಾಯುವುದೇ ಕಷ್ಟದ ಭಾಗ. ಒಂದು ಕ್ಷಣ ಸ್ಕೀ ನೇರ ಕೆಳಕ್ಕೆ ಮುಖ ಮಾಡುತ್ತದೆ, ಆಗ ಗಾಬರಿಯಾಗಿ ಭಾರ ಬದಲಿಸಿದರೆ ತಿರುವು ಅರ್ಧಕ್ಕೇ ನಿಲ್ಲುತ್ತದೆ.

ಹೊಳೆಯುವ ಮಂಜುಗಡ್ಡೆಯ ತೇಪೆ ಎದುರಾದರೆ ಅದರ ಮೇಲೆ ಬ್ರೇಕ್ ಹಾಕಬೇಡಿ, ತಿರುಗಲೂ ಬೇಡಿ. ಸ್ಕೀಗಳನ್ನು ಚಪ್ಪಟೆಯಾಗಿಟ್ಟು ದಾಟಿ, ಆಚೆಯ ಬಿಳಿ ಹಿಮದಲ್ಲಿ ವೇಗ ತಗ್ಗಿಸಿ. ಬೀಳುವುದು ಖಚಿತವೆನಿಸಿದರೆ ಪಕ್ಕಕ್ಕೆ ಬೀಳಿ, ಕೈ ಮುಂದಿರಲಿ. ಜಾರುತ್ತಿರುವಾಗಲೇ ಏಳಲು ಹೋಗಬಾರದು, ಮೊಣಕಾಲಿನ ಅಸ್ಥಿರಜ್ಜು ಹರಿಯುವ ಒಂದು ದಾರಿ ಅದೇ. ಪೂರ್ತಿ ನಿಂತ ಮೇಲೆ ಸ್ಕೀಗಳನ್ನು ದೇಹದ ಕೆಳಬದಿಗೆ, ಇಳಿಜಾರಿಗೆ ಅಡ್ಡಲಾಗಿ ತಂದು ಎದ್ದೇಳಿ.

ಲಿಫ್ಟ್ ಹತ್ತುವುದಕ್ಕೂ ಪಾಠ ಬೇಕು. ಟಿ-ಬಾರ್ ಮೇಲೆ ಕೂರಬಾರದು, ಅದು ತಳ್ಳುವುದಕ್ಕೆ ಇರುವುದು. ಮೊಣಕಾಲು ಸಡಿಲ ಬಿಟ್ಟು ನಿಂತು, ಸ್ಕೀಗಳನ್ನು ಹಳಿಯಂಥ ಗುರುತಿನಲ್ಲಿ ನೇರವಾಗಿಡಿ. ಬಿದ್ದರೆ ಬಾರನ್ನು ಬಿಟ್ಟು ತಕ್ಷಣ ಹಾದಿಯಿಂದ ಪಕ್ಕಕ್ಕೆ ಉರುಳಿ, ಹಿಂದೆ ಇನ್ನೊಬ್ಬರು ಬರುತ್ತಿರುತ್ತಾರೆ. ಎಂಟು ವರ್ಷದ ಮಗುವನ್ನು ಎತ್ತರದ ಅಪ್ಪನ ಜೊತೆ ಒಂದೇ ಬಾರ್‌ಗೆ ಹತ್ತಿಸಿದರೆ ಬಾರ್ ಅಪ್ಪನ ತೊಡೆಗೂ ಮಗುವಿನ ಬೆನ್ನಿಗೂ ಬಂದು ಇಬ್ಬರೂ ವಾಲುತ್ತಾರೆ, ಮಕ್ಕಳಿಬ್ಬರನ್ನು ಜೋಡಿ ಮಾಡುವುದು ಮೇಲು. ಚೇರ್‌ಲಿಫ್ಟ್‌ನಲ್ಲಿ ಬೆನ್ನಿನ ಚೀಲವನ್ನು ಮುಂದಕ್ಕೆ ತನ್ನಿ, ಕೋಲಿನ ಪಟ್ಟಿಗಳನ್ನು ಮಣಿಕಟ್ಟಿನಿಂದ ಬಿಡಿಸಿ, ಸುರಕ್ಷಾ ಸರಳು ಇಳಿಸಿ. ಮೇಲೆ ಇಳಿಯುವಾಗ ಸ್ಕೀ ತುದಿ ಮೇಲೆತ್ತಿ, ಗೆರೆಯ ಬಳಿ ಎದ್ದು, ನೇರ ಜಾರಿ, ಇಳಿದ ಜಾಗದಲ್ಲೇ ನಿಂತು ಹರಟಬೇಡಿ. ಕೆಲವು ಸಣ್ಣ ಬೆಟ್ಟಗಳಲ್ಲಿ ಈಗಲೂ ಹಗ್ಗದ ಲಿಫ್ಟ್, ಅಂದರೆ ಓಡುವ ಹಗ್ಗವನ್ನು ಹಿಡಿದು ಮೇಲೇರುವ ಏರ್ಪಾಡು, ಉಂಟು. ಅಮೆರಿಕದ ಮೊದಲ ಹಗ್ಗದ ಲಿಫ್ಟ್ 1934ರಲ್ಲಿ ವರ್ಮಾಂಟ್‌ನ ವುಡ್‌ಸ್ಟಾಕ್‌ನಲ್ಲಿ ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್‌ನಿಂದ ಓಡಿತ್ತು, ತತ್ವ ಇಂದಿಗೂ ಅದೇ. ಹಗ್ಗವನ್ನು ಗಪ್ಪನೆ ಹಿಡಿದರೆ ತೋಳು ಕಿತ್ತು ಬಂದಂತಾಗುತ್ತದೆ. ಮೊದಲು ಕೈಯೊಳಗೆ ಜಾರಲು ಬಿಟ್ಟು ನಿಧಾನ ಬಿಗಿ ಹಿಡಿಯಿರಿ. ಚರ್ಮದ ಕೈಗವಸು ಬೇಕು, ಜಡೆ ಮತ್ತು ಸ್ಕಾರ್ಫ್ ಕೋಟಿನೊಳಗೆ ಹೋಗಲಿ.

ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1967ರಲ್ಲಿ ತಂದ ನಡವಳಿಕೆಯ ಹತ್ತು ನಿಯಮಗಳು ಸಣ್ಣ ಬೆಟ್ಟಕ್ಕೂ ಅನ್ವಯ. ಎರಡನ್ನಂತೂ ಮಕ್ಕಳಿಗೆ ಬಾಯಿಪಾಠ ಮಾಡಿಸಿ: ಕೆಳಗಿರುವವರನ್ನು ತಪ್ಪಿಸಿಕೊಂಡು ಹೋಗುವ ಹೊಣೆ ಮೇಲಿನಿಂದ ಬರುವವರದು, ಮತ್ತು ನಿಂತವರು ಹೊರಡುವ ಮುನ್ನ ತಲೆಯೆತ್ತಿ ಮೇಲ್ಬದಿ ನೋಡಬೇಕು. ನಿಲ್ಲುವುದಾದರೆ ಹಾದಿಯ ಅಂಚಿನಲ್ಲಿ, ದಿಬ್ಬದ ಮರೆಯಲ್ಲಲ್ಲ.

ದೊಡ್ಡ ಬೆಟ್ಟಕ್ಕೆ ಯಾವಾಗ ಎಂದು ಕೇಳಿದ್ದೀರಿ. ದಿನಗಳ ಲೆಕ್ಕ ಬೇಡ, ಹೀಗೆ ಪರೀಕ್ಷಿಸಿ: ನಿಮ್ಮ ಸಣ್ಣ ಬೆಟ್ಟದಲ್ಲಿ ಶೇ 20ರಿಂದ 25ರ ಇಳಿಜಾರನ್ನು ಬೆಳಗಿನ ಗಟ್ಟಿ ಹಿಮದಲ್ಲಿ ಐದು ಸಲ ಸತತವಾಗಿ, ಎಲ್ಲೂ ಬೀಳದೆ, ಜೊತೆಯವರು ‘ನಿಲ್ಲು’ ಎಂದ ಕಡೆ ಮೂರ್ನಾಲ್ಕು ಮೀಟರ್‌ನೊಳಗೆ ನಿಲ್ಲುತ್ತಾ ಇಳಿಯಬೇಕು. ಎರಡೂ ಬದಿಗೆ ಪಕ್ಕಜಾರು ಬರಬೇಕು, ಅಂದರೆ ಸ್ಕೀಗಳನ್ನು ಅಡ್ಡಲಾಗಿಟ್ಟು ಅಂಚು ಸಡಿಲಿಸಿ ಹತ್ತು ಮೀಟರ್ ಕೆಳಕ್ಕೆ ಜಾರಿ ಮತ್ತೆ ಅಂಚು ಕಚ್ಚಿಸಿ ನಿಲ್ಲುವುದು. ದೊಡ್ಡ ಬೆಟ್ಟದಲ್ಲಿ ದಾರಿ ತಪ್ಪಿ ಕಡಿದಾದ ಜಾಗಕ್ಕೆ ಬಂದುಬಿಟ್ಟರೆ ಹೊರಬರುವ ಉಪಾಯ ಅದೊಂದೇ. ಹನ್ನೆರಡರ ಮಗು ಇದನ್ನು ನಿಮಗಿಂತ ಮೊದಲೇ ಪಾಸು ಮಾಡುವ ಸಂಭವ ಹೆಚ್ಚು. ಆಗ ಕುಟುಂಬದಲ್ಲಿ ಕಡಿಮೆ ಬಲ್ಲವರು ಯಾರೋ ಅವರ ಮಟ್ಟಕ್ಕೆ ಬೆಟ್ಟ ಆರಿಸಿ.